ವಿಭೂತಿ ಬಳಿದ ಬೋರ್ಡು

ಕಂಪನಿಯ ಕಚೇರಿ ಹೊರಗೆ ಹೆಸರಿನ ಬೋರ್ಡು ಕಾಣಲೇಬೇಕು, ಅದು ಕಾನೂನು. ಸರ್ಕಾರಕ್ಕೆ ಕಳಿಸಬೇಕಾದ ಅದರ ಫೋಟೊ ತೆಗೆಯಲೆಂದೇ ರೈತರ ಕಂಪನಿಯ ಸೆಕ್ರೆಟರಿಯಾದ ನಾನು ಕೊಳ್ಳೇಗಾಲದಿಂದ ಬೆಳಗ್ಗೆಯೇ ಹೂಗ್ಯಂ ಹಳ್ಳಿಗೆ ಬಂದಿದ್ದೆ. ಬೋರ್ಡೇನೋ ಇತ್ತು. ಆದರೆ ಒಂದಕ್ಷರವೂ ಕಾಣದಂತೆ ಅದಕ್ಕೆ ವಿಭೂತಿ ಬಳಿದಿದ್ದರು!

"ಒರೆಸಿ ಅಮ್ಮಾ!" ಎಂದು ರೇಗಿದೆ.

"ಪೂಜೆ ಮಾಡಿದ್ಮ್ಯಾಲೆ ಒರೆಸಬಾರ್ದು ಕಣವ್ವ," ಎಂದರು ಕಂಪನಿಯ ನಿರ್ದೇಶಕಿ ಬಸವಮ್ಮ. "ಮಂಜು ಬತ್ತಾ ಅದೆ. ಅದೇ ತೊಳೀತದೆ, ಕೂತ್ಕೊ."

ಚಪ್ಪಲಿ ಬಿಟ್ಟು ಎದುರಿನ ಕಟ್ಟೆಯ ಮೇಲೆ ಕೂತೆ. ಕಾಡಿನ ಕಡೆಯಿಂದ ಮಂಜು ಇಳಿಯಿತು. ಹೊಲ, ದಾರಿ, ನನ್ನ ಸಿಟ್ಟು ಎಲ್ಲವೂ ಅದರೊಳಗೆ ಕರಗಿದವು. ಬೋರ್ಡಿನ ಮೇಲೆ ಹನಿಗಟ್ಟಿ ವಿಭೂತಿ ಮೆಲ್ಲಗೆ ಜಾರಿತು. ಒಂದೊಂದೇ ನೀಲಿ ಅಕ್ಷರ ಹೊರಬಂದು, ಕೊನೆಗೆ ಪೂರ್ತಿ ಹೆಸರು ಬೆಳಗಿತು.

"ತಗೊಳವ್ವ ಫೋಟೊ," ಎಂದರು ಬಸವಮ್ಮ.

ಫೋನು ಮಡಿಲಲ್ಲೇ ಇತ್ತು. ನಾನು ಬೋರ್ಡಿಗೆ ಕೈಮುಗಿದು ಕೂತಿದ್ದೆ.