ಸಣ್ಣತಾಯಮ್ಮನ ಅರಬ್ಬಿ

ಅಮೆರಿಕದ ರೆಡ್‌ವುಡ್ ಸಿಟಿಯಲ್ಲಿ ಒಂದು ರತ್ನಗಂಬಳಿ ಅಂಗಡಿಯ ಮೇಲಿನ ಮಹಡಿಯಲ್ಲಿ ದ್ವಾರಕಾನಾಥರ ಕಂಪನಿ ಇತ್ತು. ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಶರತ್ಕಾಲ. ಬೀದಿಗೊಂದು ಕಂಪನಿ ಹುಟ್ಟುತ್ತಿದ್ದ ಆ ದಿನಗಳಲ್ಲಿ ಎಲ್ಲರೂ ವೆಬ್‌ಸೈಟು ಕಟ್ಟುತ್ತಿದ್ದರೆ ದ್ವಾರಕಾನಾಥರು ಮಾತ್ರ ಫೋನು ಹಿಡಿದಿದ್ದರು. ಒಂದು ನಂಬರಿಗೆ ಫೋನ್ ಮಾಡಿ ಬಾಯಲ್ಲಿ ಕೇಳಿದರೆ ಸಾಕು, ಯಂತ್ರವೇ ಹವಾಮಾನ, ವಿಮಾನದ ವೇಳೆ, ಚಿನ್ನದ ಧಾರಣೆ ಎಲ್ಲವನ್ನೂ ಹೇಳಬೇಕು. ಅದೂ ಅರಬ್ಬಿಯಲ್ಲಿ.

ಯಾಕೆ ಅರಬ್ಬಿ ಎಂದು ಯಾರು ಕೇಳಿದರೂ ಅವರು ಗೋಡೆಯ ಮೇಲಿನ ಪಟ್ಟಿ ತೋರಿಸುತ್ತಿದ್ದರು. ಇಪ್ಪತ್ತೆರಡು ದೇಶ, ಇಪ್ಪತ್ತಾರು ಕೋಟಿ ಜನ, ಅದರಲ್ಲಿ ಅರ್ಧದಷ್ಟು ಎಳೆಯ ವಯಸ್ಸಿನವರು, ಒಂದು ಕಡೆ ಎಣ್ಣೆಯ ಸಂಪತ್ತು, ಇನ್ನೊಂದು ಕಡೆ ಓದು ಬಾರದ ಹಳ್ಳಿಗಳು. "ಓದೋಕೆ ಬರದೇ ಇರೋರಿಗೂ ಫೋನ್ ಮಾಡೋಕೆ ಬರುತ್ತೆ, ಗೌತಮ್. ಅಷ್ಟೇ ನಮ್ಮ ಬಿಸಿನೆಸ್ಸು" ಎನ್ನುತ್ತಿದ್ದರು.

ಆಡಿದ ಮಾತನ್ನು ಯಂತ್ರಕ್ಕೆ ಅರ್ಥ ಮಾಡಿಸುವುದು ಗೌತಮನ ಕೆಲಸ. ಒಬ್ಬ ಪ್ರೊಫೆಸರರ ಕೈಲಿ ಸಾವಿರಾರು ಅರಬ್ಬಿ ಪದ ಓದಿಸಿ ಯಂತ್ರಕ್ಕೆ ಉಣಿಸಿದ್ದಾಗಿತ್ತು. ಪ್ರೊಫೆಸರರು ಮಾತಾಡಿದರೆ ಅದು ಒಂದಕ್ಷರ ತಪ್ಪದೆ ಉತ್ತರ ಕೊಡುತ್ತಿತ್ತು. ಬೇರೆಯವರಿಂದ ಮಾತಾಡಿಸಲು ಇನ್ನೂ ಹೋಗಿರಲಿಲ್ಲ. ಕುವೈತಿನಿಂದ ಫಹದ್ ಎಂಬ ಬಂಡವಾಳಗಾರರು ಆರು ವಾರದಲ್ಲಿ ಬರುವವರಿದ್ದರು.

ಒಂದು ಶನಿವಾರ ಬೆಳಗ್ಗೆ ಫಾಸ್ಟರ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಗೌತಮ್ ಊಟದ ಮೇಜಿನ ಮೇಲೆ ಫೋನಿಟ್ಟುಕೊಂಡು ಸ್ಪೀಕರು ಹಾಕಿ ಯಂತ್ರವನ್ನು ಪರೀಕ್ಷಿಸುತ್ತಿದ್ದ. ಹೆಂಡತಿ ತೇಜಸ್ವಿನಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೋಗಿದ್ದಳು. ಅಪ್ಪ ನಾಗರಾಜು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರು, ಅವ್ವ ಸಣ್ಣತಾಯಮ್ಮ ಕಿಟಕಿಯ ಬಳಿ ಕೂತು ಬಟ್ಟೆ ಮಡಿಸುತ್ತಿದ್ದಳು. ಹವಾಮಾನ ಯಾವಾಗಿನದು ಬೇಕು, ಈಗಿನದೋ ನಾಳೆಯದೋ ಎಂದು ಯಂತ್ರ ಗಂಭೀರವಾಗಿ ಕೇಳಿತು.

"ಅಲ್ ಹೀನ್" ಎಂದಿತು ಕಿಟಕಿಯ ಕಡೆಯಿಂದ ಒಂದು ದನಿ.

ಗೌತಮ್ ತಿರುಗಿ ನೋಡಿದ. ಅವ್ವ ತಲೆ ಎತ್ತದೆ ದಿಂಬಿನ ಚೀಲ ಮಡಿಸುತ್ತಿದ್ದಳು. ಯಂತ್ರಕ್ಕೆ ಅರ್ಥವಾಗಲಿಲ್ಲ, ಮತ್ತೆ ಕೇಳಿತು. ಅವಳು ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿದಳು. ಮೂರನೇ ಸಲ ಕೇಳಿದಾಗ ಅರಬ್ಬಿಯಲ್ಲೇ ಏನೋ ಉದ್ದಕ್ಕೆ ಬೈದು ನಗತೊಡಗಿದಳು.

"ಏನಂದೆ ಅವ್ವ?"

"ಈಗ ಅಂದೆ ಕಣ್ಲಾ. ಅದ್ಕೆ ಕಿವಿ ಕೇಳಲ್ವೇನೋ. ಅದೇನು ನಾಟಕದ ರಾಜನ ತರ ಮಾತಾಡ್ತದೆ? ನೀನು ಮನೆಗೆ ಬಂದಾಗ ನಿಮ್ಮಪ್ಪ 'ಕುಮಾರಾ, ಈ ಕ್ಷಣವೇ ಭೋಜನ ಸ್ವೀಕರಿಸುವೆಯಾ' ಅಂದ್ರೆ ಎಂಗಿರ್ತದೆ? ಅಂಗದೆ ಇದು. ರೇಡಿಯೋ ವಾರ್ತೇಲಿ ಇಂಗೆ ಮಾತಾಡ್ತಾರೆ, ಮನೇಲಿ ಯಾರೂ ಮಾತಾಡಲ್ಲ."

ಅವ್ವನಿಗೆ ಅರಬ್ಬಿ ಬರುತ್ತದೆಂದು ಗೌತಮನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಅವಳು ಆಡಿದ್ದನ್ನು ಕೇಳಿದ್ದು ಅದೇ ಮೊದಲು. ಅವನಿಗೆ ಒಂಬತ್ತು ವರ್ಷವಿದ್ದಾಗ ಅವಳು ಒಮಾನಿನ ಇಬ್ರಾ ಎಂಬ ಊರಿನ ಸರ್ಕಾರಿ ಆಸ್ಪತ್ರೆಗೆ ನರ್ಸಾಗಿ ಹೊರಟಿದ್ದಳು. ಮದ್ದೂರಿನಲ್ಲಿ ಅವನಿಗೆ ತಲೆ ಬಾಚಿ, ಮುದ್ದೆ ಕಟ್ಟಿ, ಲೆಕ್ಕ ಹೇಳಿಕೊಟ್ಟು ಬೆಳೆಸಿದ್ದು ಅಪ್ಪ. ಅವ್ವ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಅತ್ತರಿನ ವಾಸನೆ ಬಿಟ್ಟು ಹೋಗುತ್ತಿದ್ದಳು. ಹದಿನೆಂಟು ವರ್ಷ ಅವಳು ಅಲ್ಲಿ ಯಾರ ಜೊತೆ ಏನು ಮಾತಾಡಿದಳು, ಯಾವುದಕ್ಕೆ ನಕ್ಕಳು ಎಂದು ಅವನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಸೋಮವಾರ ದ್ವಾರಕಾನಾಥರಿಗೆ ವಿಷಯ ತಿಳಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ತಾಯಿಗೆ ಅರೇಬಿಕ್ ಓದೋಕೆ, ಬರೆಯೋಕೆ ಬರುತ್ತಾ?"

"ಔಷಧಿ ಚೀಟಿ ಓದ್ತಾರೆ, ಅಷ್ಟೇ ಸರ್. ಆದ್ರೆ ಅವ್ರು ಹೇಳಿದ್ದು ನಿಜ. ಪ್ರೊಫೆಸರ್ ಭಾಷೇಲಿ ಯಾರೂ ಫೋನ್ ಮಾಡಲ್ಲ."

ದ್ವಾರಕಾನಾಥರು ಗೋಡೆಯ ಪಟ್ಟಿಯ ಕಡೆ ನೋಡಿದರು. "ಸರಿ. ಬೇರೆಬೇರೆ ದೇಶದವರನ್ನ ಒಂದು ನಾಲ್ಕು ಜನ ಹುಡುಕಿ ರೆಕಾರ್ಡ್ ಮಾಡಿ. ನಿಮ್ಮ ತಾಯಿ ವಾಯ್ಸು ಮಾತ್ರ ಬೇಡ ಗೌತಮ್, ತಪ್ಪು ತಿಳೀಬೇಡಿ. ಅವರದ್ದು ಹೊರಗಿನವರ ಅರೇಬಿಕ್ಕು. ಮಷೀನು ಕೆಡುತ್ತೆ."

ನಾಲ್ಕು ಜನರನ್ನು ಎಲ್ಲಿ ಹುಡುಕುವುದು ಎಂದು ಗೌತಮ್ ರಾತ್ರಿ ಊಟದ ಹೊತ್ತಿಗೆ ಗೊಣಗಿದ. "ಸಾಲೆಹ್ ಅಂಗಡಿಗೆ ಓದ್ರಾಯ್ತು" ಎಂದಳು ಅವ್ವ.

ಯಾವ ಸಾಲೆಹ್ ಎಂದು ಕೇಳಿದಾಗ ಹೊರಬಿದ್ದ ಸಂಗತಿಯಿಂದ ಮಗ ಸೊಸೆ ಇಬ್ಬರೂ ತುತ್ತು ಹಿಡಿದು ಕೂತರು. ವಾರಕ್ಕೆರಡು ಸಲ ಮನೆ ಹತ್ತಿರದ ಕೆರೆಯಂಥ ಲಗೂನಿನ ದಡದಲ್ಲಿ ವಾಕಿಂಗ್ ಹೋಗುತ್ತಾಳೆ ಎಂದು ಇವರು ನಂಬಿದ್ದ ಅವ್ವ, ಬಸ್ಸು ಬದಲಿಸಿಕೊಂಡು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಯೆಮನಿ ಗ್ರೋಸರಿಗೆ ಹೋಗಿ ಒಣನಿಂಬೆ, ಖರ್ಜೂರ ಕೊಂಡು, ಹರಟೆ ಹೊಡೆದು ಬರುತ್ತಿದ್ದಳು. ನಾಗರಾಜುಗೆ ಎಲ್ಲ ಗೊತ್ತಿತ್ತು. ಅವರು ಸಾರಿನ ಸೌಟಿನ ಮೇಲೆ ಗಮನ ಇಟ್ಟರು.

ಮಾರನೇ ದಿನ ಗೌತಮ್ ಅವಳ ಹಿಂದೆ ಆ ಅಂಗಡಿಯೊಳಗೆ ಕಾಲಿಟ್ಟ. ಗಲ್ಲಾ ಪೆಟ್ಟಿಗೆಯ ಹಿಂದಿದ್ದ ನರೆಗಡ್ಡದ ಮನುಷ್ಯ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು "ಉಮ್ಮ್ ಗೌತಮ್" ಎಂದು ಕರೆದ. ಗೌತಮನ ಅಮ್ಮ. ಆ ಕಡೆಯವರು ತಾಯಿಯನ್ನು ಮೊದಲ ಮಗನ ಹೆಸರಿನಿಂದಲೇ ಕರೆಯುತ್ತಾರಂತೆ. ಹದಿನೆಂಟು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ, ಬಜಾರಿನಲ್ಲಿ, ಹೆರಿಗೆಯ ಕೋಣೆಯಲ್ಲಿ ದಿನಕ್ಕೆ ನೂರು ಸಲ ಯಾರೋ ತನ್ನ ಹೆಸರು ಕೂಗಿದ್ದರು ಎಂದು ಅವನಿಗೆ ಆಗ ಗೊತ್ತಾಯಿತು. ಮದ್ದೂರಿನಲ್ಲಿ ಕೂತು ಅವ್ವ ತನ್ನನ್ನು ಮರೆತಿದ್ದಾಳೆ ಎಂದು ಅವನು ಮುನಿಸಿಕೊಂಡಿದ್ದ ದಿನಗಳೂ ಅವುಗಳಲ್ಲಿ ಸೇರಿದ್ದವು. ಅವನು ಖರ್ಜೂರದ ಡಬ್ಬಿಗಳನ್ನು ನೋಡುವವನಂತೆ ಆ ಕಡೆ ತಿರುಗಿಕೊಂಡ.

"ಇದು ಗೌತಮಾ?" ಎಂದು ಸಾಲೆಹ್ ಇಂಗ್ಲಿಷಿನಲ್ಲಿ ಕೇಳಿ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ. "ನಿನಗೆ ಗಣಿತದಲ್ಲಿ ತೊಂಬತ್ತೆಂಟು ಬಂದಿದ್ದು ನನಗೆ ಗೊತ್ತು."

ಮುಂದಿನ ಭಾನುವಾರ ಮಧ್ಯಾಹ್ನ ಅಪಾರ್ಟ್‌ಮೆಂಟಿಗೆ ಮೂವರು ಬಂದರು. ಸಾಲೆಹ್ ಒಂದು ಕೋಳಿಯನ್ನೇ ತಂದುಕೊಟ್ಟಿದ್ದ. ರಾಮಲ್ಲಾದಿಂದ ಬಂದು ಇಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ವಿದಾದ್ ಎಂಬ ಪ್ಯಾಲೆಸ್ತೀನಿ ಹೆಂಗಸು, ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಮೊರೊಕ್ಕೋದ ಇದ್ರಿಸ್, ಇಬ್ಬರೂ ಅವನ ಗಿರಾಕಿಗಳು. ನಾಲ್ಕನೆಯವಳು ಈಜಿಪ್ಟಿನ ಡಾಕ್ಟರಮ್ಮ. ಅವಳು ಡ್ಯೂಟಿ ಇದೆಯೆಂದು ಫೋನಿನಲ್ಲೇ ಸೇರಿಕೊಂಡಳು.

ಗೌತಮ್ ಮೈಕು ಜೋಡಿಸಿ ಮೊದಲ ಪದ ಕೇಳಿದ. ಮನೆಯಲ್ಲಿ 'ಈಗ' ಎನ್ನುವುದಕ್ಕೆ ಏನಂತೀರಿ?

"ದಲ್ ಹೀನ್" ಎಂದ ಸಾಲೆಹ್.

"ಹಲ್ಲಾ" ಎಂದಳು ವಿದಾದ್.

"ದಾಬಾ" ಎಂದ ಇದ್ರಿಸ್.

"ದಿಲ್‌ವಅತಿ" ಎಂದಿತು ಫೋನು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಫೋನಿನವಳೂ ಸೇರಿ ಎಲ್ಲರೂ ಒಟ್ಟಿಗೆ ಮಾತಾಡಲು ಶುರುವಿಟ್ಟರು. ನಿನ್ನದು ಅರಬ್ಬಿಯೇ ಅಲ್ಲ ಎಂದು ಇದ್ರಿಸನಿಗೆ ವಿದಾದ್ ಹೇಳಿದಳು. ನಾವು ಮಾತಾಡಿದರೆ ನಿಮಗೆ ತಿಳಿಯುವುದಿಲ್ಲ, ನೀವು ಮಾತಾಡಿದರೆ ನಮಗೆ ತಿಳಿಯುತ್ತದೆ, ಹಾಗಾದರೆ ಬುದ್ಧಿವಂತರು ಯಾರು ಎಂದು ಅವನು ಕೇಳಿದ. ಎಲ್ಲರಿಗೂ ತಿಳಿಯುವುದು ಈಜಿಪ್ಟಿನ ಭಾಷೆ ಮಾತ್ರ, ಸಿನಿಮಾ ತೆಗೆದವರು ನಾವು ಎಂದು ಫೋನು ಸಾರಿತು. ಸಣ್ಣತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತ ಮಧ್ಯೆ ಮಧ್ಯೆ ಒಗ್ಗರಣೆ ಹಾಕುತ್ತಿದ್ದಳು. ಧಾರವಾಡದವರನ್ನೂ ಮಂಗಳೂರಿನವರನ್ನೂ ಮಂಡ್ಯದವರನ್ನೂ ಒಂದೇ ಜಗಲಿಯಲ್ಲಿ ಕೂರಿಸಿದಂತೆ ಇತ್ತು.

ನಾಗರಾಜು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. "ಆಯಮ್ಮ ಹಲ್ಲು ಅಂತದೆ, ಈವಯ್ಯ ಢಾಬಾ ಅಂತಾನೆ. ಪಾಪ ಹಸಿದವ್ರೆ ಕಣ್ಲಾ. ಮೊದ್ಲು ಊಟಕ್ಕಾಕ್ತೀನಿ."

ತಟ್ಟೆಯ ನಡುವೆ ರಾಗಿಮುದ್ದೆ, ಸುತ್ತ ಕೋಳಿಸಾರು. ಸಾಲೆಹ್ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮುದ್ದೆಯನ್ನು ನೋಡಿದ. ಆಮೇಲೆ ಮೆಲ್ಲಗೆ "ಅಸೀದ್" ಎಂದ. ಅವನ ಊರಿನ ಬೆಟ್ಟದ ಮೇಲಿನ ಮನೆಯಲ್ಲಿ ಅವನ ತಾಯಿ ಜೋಳದ ಹಿಟ್ಟನ್ನು ಹೀಗೇ ಕುದಿಸಿ, ತಿರುವಿ, ಉಂಡೆ ಮಾಡಿ, ನಡುವೆ ಗುಳಿ ತೋಡಿ ಸಾರು ಬಿಡುತ್ತಿದ್ದಳಂತೆ. ಬಣ್ಣ ಒಂದೇ ಬೇರೆ. ಅವನು ಬೆರಳಿನಿಂದ ಮುದ್ದೆಯ ನೆತ್ತಿಯಲ್ಲಿ ಗುಳಿ ತೋಡಿ ಸಾರು ತುಂಬಿಕೊಂಡ. ವಿದಾದ್ ಅಗಿಯಲು ಹೋದಾಗ ನಾಗರಾಜು ಕೈಸನ್ನೆಯಿಂದ ತಡೆದು ನುಂಗಿ ತೋರಿಸಿದರು. ಅವಳು ಕಣ್ಣು ಮುಚ್ಚಿ ನುಂಗಿ, ಸ್ವಲ್ಪ ಹೊತ್ತು ಯೋಚಿಸಿ, ಇನ್ನೊಂದು ತುತ್ತು ಮುರಿದಳು.

ಊಟವಾದ ಮೇಲೆ ಐದು ಗಂಟೆಯವರೆಗೆ ರೆಕಾರ್ಡಿಂಗು ನಡೆಯಿತು. ಮುಂದಿನ ಭಾನುವಾರ ಬಂದವರು ಹನ್ನೊಂದು ಜನ, ಅದರ ಮುಂದಿನ ಭಾನುವಾರ ಕುರ್ಚಿ ಸಾಲದೆ ಚಾಪೆ ಹಾಕಬೇಕಾಯಿತು. ಎಲ್ಲರೂ ಹೋದ ಮೇಲೆ ಗೌತಮ್ ಅವ್ವನನ್ನು ಮೈಕಿನ ಮುಂದೆ ಕೂರಿಸಿ ಅವಳ ಪದಗಳನ್ನೂ ಹಿಡಿದು ಯಂತ್ರಕ್ಕೆ ಉಣಿಸಿದ. ದ್ವಾರಕಾನಾಥರಿಗೆ ಹೇಳಲಿಲ್ಲ.

ಫಹದ್ ಬರುವ ದಿನ ಸಣ್ಣತಾಯಮ್ಮ ತಾನೂ ಆಫೀಸಿಗೆ ಬರುತ್ತೇನೆಂದು ಹಟ ಹಿಡಿದಳು. "ಮನೆಗೆ ಬಂದವ್ರಿಗೆ ಕಾಫಿ, ಖರ್ಜೂರ ಕೊಡದೆ ಕೆಲಸದ ಮಾತು ತೆಗೆದ್ರೆ ಅಲ್ಲಿ ಮರ್ಯಾದೆ ಅನ್ನಲ್ಲ. ನಿಮ್ಮ ಸಾಹೇಬ್ರಿಗೆ ಏಳು." ದ್ವಾರಕಾನಾಥರು ಅರೆಮನಸ್ಸಿನಿಂದ ಒಪ್ಪಿದರು. ಅವಳು ಹಸಿರು ರೇಷ್ಮೆಸೀರೆ ಉಟ್ಟು, ಏಲಕ್ಕಿ ಹಾಕಿದ ಕಾಫಿಯನ್ನು ಫ್ಲಾಸ್ಕಿನಲ್ಲಿ ತಂದು, ಬಲಗೈಯಲ್ಲಿ ಪುಟ್ಟ ಬಟ್ಟಲು ನೀಡಿದಳು. ಫಹದರು ಕುಡಿದು ಬಟ್ಟಲನ್ನು ಅಲ್ಲಾಡಿಸಿ ಹಿಂದಿರುಗಿಸಿದರು. ಸಾಕು ಎಂಬುದಕ್ಕೆ ಅದೇ ಗುರುತು. ಅವಳು ಮತ್ತೆ ಸುರಿಯಲಿಲ್ಲ. ಅದನ್ನು ಅವರು ಗಮನಿಸಿದರು.

ಯಂತ್ರ ಚೆನ್ನಾಗಿಯೇ ನಡೆದುಕೊಂಡಿತು. ಫಹದರು ವಾರ್ತೆಯ ಭಾಷೆಯಲ್ಲಿ ಕೇಳಿದರೂ, ತಾಯಿಯ ಜೊತೆ ಮಾತಾಡುವ ಭಾಷೆಯಲ್ಲಿ ಕೇಳಿದರೂ ಉತ್ತರ ಕೊಟ್ಟಿತು. ದ್ವಾರಕಾನಾಥರು ಉಸಿರು ಬಿಟ್ಟು ಗೋಡೆಯ ಪಟ್ಟಿಯ ಕಡೆ ತಿರುಗಿದರು. ಆಗ ಫಹದರು ಕೈಯೆತ್ತಿದರು.

"ಆ ಪಟ್ಟಿಯಲ್ಲಿ ಕುವೈತಿನ ಹೆಸರಿನ ಎದುರು ಇಷ್ಟು ಲಕ್ಷ ಅರಬರು ಅಂತ ಬರೆದಿದ್ದೀರಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ದೇಶದವರೇ ಅಲ್ಲ. ಎಷ್ಟೋ ಜನ ಅರಬರೂ ಅಲ್ಲ. ನಮ್ಮ ಆಸ್ಪತ್ರೆ, ಅಂಗಡಿ, ರಸ್ತೆ ನಡೀತಿರೋದು ಅವರಿಂದ. ನನ್ನ ಡ್ರೈವರ್ ಕೇರಳದವನು, ಇಪ್ಪತ್ತು ವರ್ಷದಿಂದ ನನ್ನ ಜೊತೆ ಅರೇಬಿಕ್ ಮಾತಾಡ್ತಾನೆ. ಅವನು ಫೋನ್ ಮಾಡಿದರೆ ಇದಕ್ಕೆ ಅರ್ಥ ಆಗುತ್ತಾ?"

ಗೌತಮ್ ಫೋನನ್ನು ಅವ್ವನ ಮುಂದೆ ಸರಿಸಿದ. ಅವಳು ಸೆರಗು ಸರಿಮಾಡಿಕೊಂಡು, ಜ್ವರದ ಮಗುವನ್ನು ಮಾತಾಡಿಸುವವಳಂತೆ ಬಗ್ಗಿ, ಮದ್ದೂರಿನ ಎಳೆತ ಬೆರೆತ ಇಬ್ರಾದ ಅರಬ್ಬಿಯಲ್ಲಿ ನಾಳೆ ಕುವೈತಿನಲ್ಲಿ ಸೆಕೆ ಎಷ್ಟು ಎಂದು ಕೇಳಿದಳು. ಯಂತ್ರ ಒಂದೇ ಸಲಕ್ಕೆ ಸೆಕೆ ಎಷ್ಟೆಂದು ಹೇಳಿತು.

ಫಹದರು ಕುರ್ಚಿಯಿಂದ ಎದ್ದರು. ಅವಳ ಕಡೆ ತಿರುಗಿ ಏನೋ ಕೇಳಿದರು, ಅವಳು ಏನೋ ಹೇಳಿದಳು, ಇಬ್ಬರೂ ಹತ್ತು ನಿಮಿಷ ಉಳಿದವರನ್ನು ಮರೆತು ಮಾತಾಡಿದರು. ದ್ವಾರಕಾನಾಥರು ಗೌತಮನ ಕಿವಿಯ ಹತ್ತಿರ ಬಂದು, "ಅವರ ವಾಯ್ಸು ಹಾಕಬೇಡಿ ಅಂದಿದ್ದೆ ಅಲ್ವಾ?" ಎಂದರು.

"ಹೌದು ಸರ್."

"ಒಳ್ಳೇದಾಯ್ತು" ಎಂದು ಅವರು ತಾವೇ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡರು.

ಫಹದರು ಬಂಡವಾಳ ಹಾಕಿದರು. ಒಂದೇ ಷರತ್ತು, ಫೋನ್ ಎತ್ತಿದೊಡನೆ ಕೇಳುವ ಸ್ವಾಗತದ ಮಾತು ಉಮ್ಮ್ ಗೌತಮರ ದನಿಯಲ್ಲೇ ಇರಬೇಕು. ಒಮಾನಿನ ಹಳ್ಳಿಯಲ್ಲಿ ಎದುರಾದವರನ್ನು ಕೇಳುವ ಹಾಗೆ ಅವಳು, "ಚೆನ್ನಾಗಿದ್ದೀರಾ, ಏನಾದರೂ ಸುದ್ದಿ ಇದೆಯಾ?" ಎಂದು ಮೈಕಿನಲ್ಲಿ ಹೇಳಿದಳು. ಎರಡು ಸಾವಿರನೇ ಇಸವಿಯ ಬೇಸಗೆಯಲ್ಲಿ ಒಮಾನಿನಲ್ಲಿ ಮೊದಲ ಪ್ರಯೋಗ ಶುರುವಾಯಿತು. ಮುಂದಿನ ವರ್ಷ ಬೀದಿಗೊಂದರಂತೆ ಹುಟ್ಟಿದ್ದ ಕಂಪನಿಗಳೆಲ್ಲ ಮುಳುಗಿದಾಗ ಆ ಕಂಪನಿಗೂ ಬಿರುಗಾಳಿ ಬಡಿದು ಯಾರೋ ದೊಡ್ಡವರು ಅದನ್ನು ಕೊಂಡುಕೊಂಡರು, ಅದು ಬೇರೆ ಮಾತು.

ಪ್ರಯೋಗದ ಎರಡನೇ ವಾರ, ಯಂತ್ರಕ್ಕೆ ಅರ್ಥವಾಗದ ಕರೆಗಳನ್ನು ಗೌತಮ್ ಒಂದೊಂದಾಗಿ ಕೇಳುತ್ತಿದ್ದ. ಒಂದು ಕರೆ ಆರು ನಿಮಿಷದ್ದಿತ್ತು. ಒಬ್ಬ ಮುದುಕಿ ನಿಲ್ಲಿಸದೆ ಮಾತಾಡುತ್ತಿದ್ದಳು. ಯಂತ್ರ ಮತ್ತೆ ಮತ್ತೆ ಹವಾಮಾನ ಬೇಕೇ ಎಂದು ಕೇಳುತ್ತಿತ್ತು, ಅವಳು ಲೆಕ್ಕಿಸುತ್ತಿರಲಿಲ್ಲ. ಅವನಿಗೆ ತಿಳಿದದ್ದು ಎರಡೇ ಪದ, ಉಮ್ಮ್ ಗೌತಮ್. ಅವನು ಅದನ್ನು ಮನೆಗೆ ತಂದು ಅವ್ವನಿಗೆ ಕೇಳಿಸಿದ.

"ಶಮ್ಸಾ ಕಣ್ಲಾ" ಎಂದಳು ಸಣ್ಣತಾಯಮ್ಮ. "ನಮ್ಮ ವಾರ್ಡಲ್ಲಿ ಆಯಾ ಆಗಿದ್ಲು. ನಾನೇ ಫೋನಲ್ಲಿ ಇವ್ನಿ ಅನ್ಕಂಡವ್ಳೆ. ಸುದ್ದಿ ಏನು ಅಂತ ಕೇಳಿದ್ನಲ್ಲ, ಅದ್ಕೆ ಎಲ್ಲಾ ಏಳ್ತಾವ್ಳೆ. ಮೊಮ್ಮಗಳ ಮದುವೆಯಂತೆ. ಮೇಕೆ ಎರಡು ಮರಿ ಆಕ್ಯದಂತೆ. ಒಂದೂ ಮಾತಾಡದೆ ಹವಾ ಹವಾ ಅಂತೀಯಲ್ಲ, ಅಮೆರಿಕಕ್ಕೋಗಿ ದಿಮಾಕು ಬಂತಾ ಅಂತ ಬೈತಾವ್ಳೆ."

ಅವಳಿಗೆ ನಗು ತಡೆಯಲಾಗಲಿಲ್ಲ. ನಾಗರಾಜು ಸ್ಟೋವು ಆರಿಸಿ ಬಂದು ಪಕ್ಕದಲ್ಲಿ ಕೂತರು. ಗೌತಮ್ ಕರೆ ಬಂದಿದ್ದ ನಂಬರನ್ನು ಒಂದೊಂದೇ ಅಂಕೆಯಾಗಿ ಒತ್ತಿ, ಆ ಕಡೆ ಗಂಟೆ ಬಾರಿಸುವುದು ಕೇಳಿಸಿದಾಗ ಫೋನನ್ನು ಅವ್ವನ ಕೈಗೆ ಕೊಟ್ಟ.