ಬೆಣ್ಣಿ ಬೆಳ್ಳಗೇ ಇರಲಿ

"ನೂಲು ಅಳ್ತೈತೇನಲೇ? ರೇಶಿಮಿ ಚೀರ್ತೈತೇನು? ಮತ್ತ ನಾಯಿ ಕೂದಲಕ್ಕ ಬಣ್ಣ ಹಾಕಿದ್ರ ಅದಕ್ಕೇನಾಗ್ತೈತಿ?"

ಹೀಗೆ ಕೇಳಿದವನು ಇಳಕಲ್ಲಿನ ನಮ್ಮ ಓಣಿಯ ಶಿವಸಂಗಪ್ಪ. ಮೂವತ್ತು ವರ್ಷದಿಂದ ಸೀರೆಯ ನೂಲಿಗೆ ಬಣ್ಣ ಹಾಕುವವನು. ಕೇಳಿದ್ದು ಬಾಲ್ಯದ ಗೆಳೆಯ ಖಾಸಿಂಸಾಬನನ್ನು. ಖಾಸಿಂಸಾಬ ದನದ ದವಾಖಾನೆಯ ಕಂಪೌಂಡರ್. ಶಿವಸಂಗಪ್ಪನ ಮನೆಯ ಬಿಳಿ ನಾಯಿ ಬೆಣ್ಣಿಗೆ ವರ್ಷಕ್ಕೊಮ್ಮೆ ಹಾಕುವ ಹುಚ್ಚುನಾಯಿ ರೋಗದ ಇಂಜೆಕ್ಷನ್ ಹಾಕಲು ಬಂದಿದ್ದ. ಬಂದು ನೋಡಿದರೆ ಅಂಗಳದ ಒಲೆಯ ಮೇಲೆ ಹಂಡೆ ತುಂಬ ದಾಳಿಂಬರಿ ಕೆಂಪು ಬಣ್ಣ ಆರುತ್ತಿತ್ತು. ಪಕ್ಕದ ಕಂಬಕ್ಕೆ ಬೆಣ್ಣಿಯನ್ನು ಕಟ್ಟಿದ್ದರು. ಅದು ಮಾತ್ರ ತನಗೇನೋ ತಿನ್ನಲು ಮಾಡಿದ್ದಾರೆಂದು ಬಾಲ ಅಲ್ಲಾಡಿಸುತ್ತ ಹಂಡೆಯನ್ನೇ ನೋಡುತ್ತಿತ್ತು.

2003ನೇ ಇಸವಿಯ ಬೇಸಿಗೆ ಅದು. ಶಿವಸಂಗಪ್ಪನ ಒಬ್ಬಳೇ ಮಗಳು ಸುಮಾಳ ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಗಂಡಿನ ಮನೆ ಬಾಗಲಕೋಟೆ. ಮದುವೆ ಸೀರೆಯ ಸೆರಗಿನ ರೇಷ್ಮೆಗೆ ಅಪ್ಪನೇ ಬಣ್ಣ ಹಾಕಿದ್ದ. ಸೀರೆ ನೇಯ್ದು ಬಂದಾಗ ಓಣಿಯ ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿ ಹೋಗಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ವಿಡಿಯೋ ಶೂಟಿಂಗಿನ ವೀರೇಶ ಬಂದವನು, ಸೊಲ್ಲಾಪುರದ ಒಂದು ಮದುವೆಯಲ್ಲಿ ಗುಲಾಬಿ ಬಣ್ಣದ ನಾಯಿ ನೋಡಿದೆ, ಕ್ಯಾಮೆರಾದಲ್ಲಿ ಭಾರೀ ಚಂದ ಬಂತು ಎಂದು ಹೇಳಿಹೋದ. ಆ ಮಾತು ಶಿವಸಂಗಪ್ಪನ ತಲೆಯೊಳಗೆ ಕೂತುಬಿಟ್ಟಿತು. ಸೀರೆಯ ಸೆರಗಿನದೇ ಬಣ್ಣ ಬೆಣ್ಣಿಗೂ ಹಾಕಬೇಕು, ಇದು ಬಣ್ಣದವನ ಮಗಳ ಮದುವೆ ಎಂದು ಬೀಗರು ನಾಲ್ಕು ವರ್ಷ ನೆನಪಿಟ್ಟುಕೊಳ್ಳಬೇಕು ಎಂದು ಹಟ ಹಿಡಿದ.

ಸುಮಾಳಿಗೆ ಇದು ಒಂಚೂರೂ ಬೇಡವಾಗಿತ್ತು. ಮಳೆಯಲ್ಲಿ ಗಟಾರದ ಬದಿಗೆ ಮರಿಯಾಗಿ ಸಿಕ್ಕ ಬೆಣ್ಣಿಗೆ ಹತ್ತಿಯ ಬತ್ತಿಯಿಂದ ಹಾಲು ಕುಡಿಸಿ ಬದುಕಿಸಿದವಳು ಅವಳು. ಆದರೆ ಇನ್ನು ನಾಲ್ಕು ದಿನಕ್ಕೆ ಮನೆ ಬಿಟ್ಟು ಹೋಗುವವಳು, ಅಪ್ಪನ ಖುಷಿಗೆ ಹೇಗೆ ಅಡ್ಡ ಬರುವುದು ಎಂದು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಅವಳ ತಾಯಿ ಶೇಖವ್ವ ಮಾತ್ರ ಗೊಣಗುತ್ತಲೇ ಇದ್ದಳು.

ಖಾಸಿಂಸಾಬ ಮೊದಲು ಸಮಾಧಾನದಿಂದ ತಿಳಿಸಿ ಹೇಳಿದ. ನಾಯಿ ದಿನವೆಲ್ಲ ಮೈ ನೆಕ್ಕಿಕೊಳ್ಳುತ್ತದೆ, ಮೈಗೆ ಹಚ್ಚಿದ್ದು ಹೊಟ್ಟೆಗೇ ಹೋಗುತ್ತದೆ. ಕೂದಲಿನ ಕೆಳಗೆ ಇರುವುದು ಮೆತ್ತನೆಯ ಚರ್ಮ, ಅದು ಸುಟ್ಟು ಹುಣ್ಣಾಗುತ್ತದೆ. ಕಣ್ಣಿಗೆ ಇಳಿದರೆ ಕಣ್ಣೇ ಹೋದೀತು.

ಕಾರಹುಣ್ಣಿವೆಗೆ ಎತ್ತಿಗೆ ಬಣ್ಣ ಹಚ್ಚುವುದಿಲ್ಲವೇ ಎಂದು ಶಿವಸಂಗಪ್ಪ ತಿರುಗಿ ಕೇಳಿದ. ಹಿರಿಯರು ಹಚ್ಚುತ್ತಿದ್ದುದು ಹುರಮಂಜಿನ ಕೆಂಪು ಮಣ್ಣು ಮತ್ತು ಅರಿಷಿಣ, ನಿನ್ನ ಹಂಡೆಯಲ್ಲಿ ಇರುವುದು ಚರ್ಮ ಸುಡುವ ಕಾಸ್ಟಿಕ್ ಸೋಡಾ ಎಂದ ಖಾಸಿಂಸಾಬ. ಆ ನೀರು ಚೆಲ್ಲಿದ ಕಡೆ ಹುಲ್ಲೂ ಹುಟ್ಟುವುದಿಲ್ಲ ಎಂದು ಶೇಖವ್ವ ಒಳಗಿನಿಂದಲೇ ಸೇರಿಸಿದಳು. ಆ ನೀರು ಬಿದ್ದು ಅಂಗಳದ ಕರಿಬೇವಿನ ಗಿಡ ಒಣಗಿದ್ದನ್ನು ಅವಳು ಇನ್ನೂ ಮರೆತಿರಲಿಲ್ಲ.

"ನಾಯಿ ನಂದು, ಬಣ್ಣ ನಂದು. ಕೇಳಾವ್ರು ಯಾರಲೇ?" ಎಂದ ಶಿವಸಂಗಪ್ಪ.

"ಸರಕಾರ ಕೇಳ್ತೈತಿ. ಪ್ರಾಣಿಗೆ ಹಿಂಸಾ ಕೊಡಬಾರದು ಅಂತ ಅರವತ್ತನೇ ಇಸವಿಯೊಳಗನ ಕಾಯ್ದೆ ಆಗೇತಿ, ನಾವಿಬ್ರೂ ಚಡ್ಡಿ ಹಾಕೋದಕ್ಕಿಂತ ಮೊದಲ."

"ನಾಯಿಗೆ ಬಣ್ಣ ಹಾಕಬಾರದು ಅಂತ ಬರದಾರೇನು ಅದರಾಗ?"

"ಹಂಗ ಅಕ್ಷರಕ್ಷರ ಬರದಿಲ್ಲ, ಸುಳ್ಳ್ಯಾಕ ಹೇಳ್ಲಿ. ಆದ್ರ ಸುಮ್ಮಸುಮ್ಮನ ನೋವು ಕೊಟ್ಟರ, ಕೆಡಕು ಮಾಡೋ ಸಾಮಾನು ಕೊಟ್ಟರ ಅಪರಾಧ ಅಂತ ಬರದಾರ. ಸಾಕಿದ ಮಾಲಕ ಮಾಡಿದ್ರೂ ಅಪರಾಧನ. ದಂಡ ಐತಿ. ಮತ್ತೊಮ್ಮಿ ಅದನ್ನ ಮಾಡಿದ್ರ ಜೇಲೂ ಆಗಬಹುದು."

ನೋವು ಆಗುವುದೇ ಇಲ್ಲ ಎಂದಮೇಲೆ ಕಾಯ್ದೆಯ ಮಾತೇಕೆ ಎಂದು ಶಿವಸಂಗಪ್ಪ ಕೈ ಕೊಡವಿದ. ಖಾಸಿಂಸಾಬನಿಗೆ ನಗು ಬಂತು. ಬೆಣ್ಣಿಗೆ ಸೂಜಿ ಚುಚ್ಚಿ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತ ಕೇಳಿದ, "ಹೊಸ ಬಣ್ಣ ಕಲಸಿದಾಗ ಮೊದಲ ಏನ್ ಮಾಡ್ತಿ ನೀ?"

"ಒಂದ್ ಎಳಿ ಅದ್ದಿ ನೋಡ್ತೇನಿ."

"ಹಂಗಾರ ನಿನ್ನ ಮೂಗಿನ ಕೆಳಗ ಬೆಳ್ಳಗಿನ ಎಳಿ ರಗಡ ಅದಾವಲ್ಲ. ಅವೂ ಕೂದಲಾನ."

ಚೇಷ್ಟೆಗೆ ಅಂದು ಅವನು ಸೈಕಲ್ ಹತ್ತಿ ಹೋದ. ಆದರೆ ತನ್ನ ಬಣ್ಣದ ಮೇಲೆ ಯಾರಾದರೂ ಅನುಮಾನಪಟ್ಟರೆ ತಡೆದುಕೊಳ್ಳುವವನಲ್ಲ ಶಿವಸಂಗಪ್ಪ. ಬಣ್ಣ ಹಾಕಿ ಹಾಕಿ ದಡ್ಡುಗಟ್ಟಿದ ಎರಡು ಬೆರಳು ಹಂಡೆಯಲ್ಲಿ ಅದ್ದಿ ಮೀಸೆಗೆ ಸರಿಯಾಗಿ ತೀಡಿಕೊಂಡ. ಅರ್ಧ ತಾಸು ಇಡುತ್ತೇನೆ ನೋಡಿರಿ ಎಂದು ಕಟ್ಟೆಯ ಮೇಲೆ ಕೂತ.

ಐದು ನಿಮಿಷಕ್ಕೆ ಮೂಗು ಸೊರಸೊರ ಎನ್ನತೊಡಗಿತು. ಎಂಟು ನಿಮಿಷಕ್ಕೆ ಕಣ್ಣಲ್ಲಿ ನೀರು. ಹತ್ತು ಆಗುವುದರೊಳಗೆ ಬಚ್ಚಲಿಗೆ ಓಡಿ ಕೊಡಗಟ್ಟಲೆ ನೀರು ಸುರಿದುಕೊಂಡ. ಹೊರಗೆ ಬಂದಾಗ ಮೇಲ್ತುಟಿ ಹಾಗಲಕಾಯಿಯ ಹಾಗೆ ಉಬ್ಬಿತ್ತು. ಮೀಸೆ ಮಾತ್ರ ಸೀರೆಯ ಸೆರಗಿಗೆ ಸರಿಜೋಡಿ, ಅಚ್ಚ ದಾಳಿಂಬರಿ. ಸುಮಾ ನಗು ತಡೆಯಲಾರದೆ ನೆಲಕ್ಕೇ ಕೂತಳು. ಕೊಬ್ಬರಿ ಎಣ್ಣೆ ತಂದ ಶೇಖವ್ವ ಹಚ್ಚಲಾಗದಷ್ಟು ನಕ್ಕಳು.

ಶಿವಸಂಗಪ್ಪ ನಗಲಿಲ್ಲ. ಕಂಬದ ಹತ್ತಿರ ಹೋಗಿ ಕೂತು ಬೆಣ್ಣಿಯ ಹಗ್ಗ ಬಿಚ್ಚಿದ.

"ನನಗ ಉರೀತು, ನಾ ಬಚ್ಚಲಕ್ಕ ಓಡಿದೆ," ಎಂದ. "ಇದನ್ನ ಕಟ್ಟಿಹಾಕಿದ್ದೆನಲ್ಲ. ಇದು ಎಲ್ಲಿಗೆ ಓಡ್ತಿತ್ತು?"

ಸುಮಾ ಎದ್ದು ಬಂದು ಅಪ್ಪನ ಪಕ್ಕ ಕೂತಳು. ಅಂದೇ ಅವನು ಬಾಯಿಗೆ ಟವೆಲ್ ಕಟ್ಟಿಕೊಂಡು ದನದ ದವಾಖಾನೆಗೆ ಹೋದ. ಮನುಷ್ಯರ ದವಾಖಾನೆ ಆ ಕಡೆ ಐತಿ ಎಂದು ಖಾಸಿಂಸಾಬ ಛೇಡಿಸಿದ. ಟವೆಲ್ ತೆಗೆದು ತುಟಿ ತೋರಿಸಿದ್ದೇ ತಡ, ತಾನೇ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಡಾಕ್ಟರರ ಹತ್ತಿರ ಕರೆದೊಯ್ದ.

ಹಂಡೆಯ ಬಣ್ಣ ದಂಡವಾಗಲಿಲ್ಲ. ಶೇಖವ್ವ ಒಂದು ತುಂಡು ಬಿಳಿ ಬಟ್ಟೆ ಅದರಲ್ಲಿ ಅದ್ದಿ, ನೀರು ತಿಳಿಯಾಗುವ ತನಕ ಏಳೆಂಟು ಸಲ ತೊಳೆದು ಒಣಗಿಸಿ, ಬೆಣ್ಣಿಯ ಕೊರಳಿಗೆ ಸಡಿಲವಾಗಿ ಕಟ್ಟುವ ಪಟ್ಟಿ ಹೊಲಿದಳು.

ಮದುವೆಯ ದಿನ ಮೀಸೆ ಬೋಳಿಸಿಕೊಂಡು ನಿಂತ ಶಿವಸಂಗಪ್ಪನನ್ನು ನೋಡಿ ಬೀಗರ ಮುಖ ಬಿಳಿಚಿತು. ಮೀಸೆ ತೆಗೆದಿದ್ದಾರೆಂದರೆ ಮನೆಯಲ್ಲಿ ಸಾವೇನಾದರೂ ಆಯಿತೇ ಎಂದು ಬದಿಗೆ ಕರೆದು, ಯಾರಿಗೆ ಏನಾತ್ರಿ ಎಂದು ಮೆಲ್ಲಗೆ ಕೇಳಿದರು.

"ಯಾರಿಗೂ ಏನೂ ಆಗಿಲ್ರಿ ಬೀಗರ," ಎಂದ ಶಿವಸಂಗಪ್ಪ. "ನಮ್ಮ ನಾಯಿಗೆ ಆಗೋದಿತ್ತು. ಮೀಸಿ ತನ್ನ ಮ್ಯಾಲ ತಗೊಂತು."

ಇಡೀ ಕಥೆ ಕೇಳಿ ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ನಾಯಿ, ಬೆಕ್ಕು, ಮೊಲ, ಕೋಳಿಮರಿ ಹುಟ್ಟಿದ ಬಣ್ಣದಲ್ಲೇ ಚಂದ. ಮದುವೆಯಿರಲಿ, ಹೋಳಿಯಿರಲಿ, ಅವುಗಳ ಮೈಗೆ ಬಣ್ಣ ಹಾಕಬೇಡಿ, ಬೇರೆಯವರಿಗೂ ಹಾಕಲು ಬಿಡಬೇಡಿ. ಸಂತೆಯಲ್ಲಿ ಹಸಿರು, ಗುಲಾಬಿ ಬಣ್ಣ ಬಳಿದ ಮರಿ ಮಾರಲು ತಂದರೆ ಕೊಳ್ಳಬೇಡಿ. ನೀವು ಕೊಳ್ಳದಿದ್ದರೆ ಅವರು ಬಳಿಯುವುದಿಲ್ಲ. ಅಕಸ್ಮಾತ್ ಬಣ್ಣ ಬಿದ್ದರೆ ಸೀಮೆಎಣ್ಣೆ ಹಚ್ಚಿ ಉಜ್ಜಬೇಡಿ. ನೆಕ್ಕಲು ಬಿಡದೆ ಬರೀ ನೀರಿನಿಂದ ಚೆನ್ನಾಗಿ ತೊಳೆದು ದನದ ದವಾಖಾನೆಗೆ ಕರೆದೊಯ್ಯಿರಿ. ಉರಿಯುತ್ತದೆ ಎಂದು ಅವು ಹೇಳಲಾರವು. ಅವುಗಳ ಪರವಾಗಿ ಕಾಯ್ದೆ ಇದೆ, ನೀವೂ ಇರಿ.

ವೀರೇಶನ ವಿಡಿಯೋ ಈಗಲೂ ಆ ಮನೆಯಲ್ಲಿದೆ. ಸುಮಾಳ ತೊಡೆಯ ಮೇಲೆ ಬೆಣ್ಣಿ ಬೆಳ್ಳಗೆ ಕೂತಿದೆ, ಕೊರಳಲ್ಲಿ ಕೆಂಪು ಪಟ್ಟಿ. ಮಗಳ ತಲೆಗೆ ಅಕ್ಕಿಕಾಳು ಹಾಕಲು ಅಪ್ಪ ಬಾಗುತ್ತಾನೆ. ಬೆಣ್ಣಿ ಕತ್ತು ಚಾಚಿ, ಅವನ ಬೋಳು ತುಟಿಯನ್ನು ಒಮ್ಮೆ ನೆಕ್ಕುತ್ತದೆ.