ಹಂಡೆಯ ಮುಂದಿನ ಕುಣಿತ

ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು ಸ್ಯಾನ್ ಆಂಟೋನಿಯೊದ ಆ ಮನೆಯಲ್ಲಿ ಹೆಂಗಸರೆಲ್ಲ ಅಡುಗೆಮನೆಯಲ್ಲಿ, ಗಂಡಸರೆಲ್ಲ ಹಿತ್ತಲಲ್ಲಿ. ಪ್ರತಿ ವರ್ಷವೂ ಹೀಗೆಯೇ. ಒಳಗೆ ಎಂಬತ್ತೆರಡರ ಎವುಲಾಲಿಯಾ ಅಜ್ಜಿಯ ದರ್ಬಾರು: ಜೋಳದ ಹಿಟ್ಟು ನಾದುವುದು, ತೆನೆಸಿಪ್ಪೆಗೆ ಹಚ್ಚುವುದು, ಖಾರದ ಹಂದಿಮಾಂಸ ಇಟ್ಟು ಮಡಚುವುದು. ಹಾಗೆ ಮಡಚಿದ ತಮಾಲೆಗಳು ನೂರಾರು. ಹೊರಗೆ ಅಜ್ಜಿಯ ಮಗ ಫೆರ್ಮಿನ್. ಗ್ಯಾಸ್ ಒಲೆಯ ಮೇಲೆ ಅವನ್ನು ಹಬೆಯಲ್ಲಿ ಬೇಯಿಸುವ ದೊಡ್ಡ ಹಂಡೆಯನ್ನು ಕಾಯುವುದಷ್ಟೇ ಅವನ ಕೆಲಸ, ಗತ್ತು ಮಾತ್ರ ದಂಡನಾಯಕನದು. ಹಂಡೆಯ ತಳದ ನೀರಿನಲ್ಲಿ ಒಂದು ನಾಣ್ಯ ಹಾಕಿರುತ್ತಾರೆ. ನೀರು ಕುದಿಯುವಷ್ಟು ಹೊತ್ತೂ ಅದು ಕಿಣಿಕಿಣಿ ಎನ್ನುತ್ತಿರುತ್ತದೆ. ಕಾಯುವವನಿಗೆ ಕಿವಿಯೊಂದಿದ್ದರೆ ಸಾಕು.

ಆ ದಿನ ಫೆರ್ಮಿನ್‌ನ ಕಿವಿ ಹಂಡೆಯ ಕಡೆಗಿರಲಿಲ್ಲ, ಅಡುಗೆಮನೆಯ ಕಡೆಗಿತ್ತು. ಒಳಗಿನ ನಗುವಿನಲ್ಲಿ ಒಂದು ಗಂಡುದನಿಯೂ ಸೇರಿತ್ತು. ಅದು ಡಾರಿಯೊನದು.

ಡಾರಿಯೊ ಯಾರು ಎಂಬುದು ಫೆರ್ಮಿನ್‌ಗೆ ಚೆನ್ನಾಗಿ ಗೊತ್ತಿತ್ತು. ಮೂರು ವರ್ಷದ ಹಿಂದೆ ಒಬ್ಬನೇ ಮಗ ಇಸ್ಮಾಯೆಲ್ ಎದುರಿಗೆ ಕೂತು, ತಾನು ಒಬ್ಬ ಗಂಡಸನ್ನು ಪ್ರೀತಿಸುತ್ತಿದ್ದೇನೆ, ಅವನ ಜೊತೆ ಒಂದೇ ಮನೆಯಲ್ಲಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ್ದ. ಫೆರ್ಮಿನ್ ಕೂಗಾಡಲಿಲ್ಲ. "ನಿನ್ನಿಷ್ಟ. ಆದ್ರೆ ಅವನನ್ನ ಇಲ್ಲಿಗೆ ಕರ್ಕೊಂಡ್ಬರ್ಬೇಡ" ಎಂದಷ್ಟೇ ಹೇಳಿ ಟೋಪಿ ಹಾಕಿಕೊಂಡು ಎದ್ದುಹೋಗಿದ್ದ. ಅದನ್ನೇ ದೊಡ್ಡ ಔದಾರ್ಯವೆಂದು ಇವತ್ತಿನವರೆಗೂ ನಂಬಿಕೊಂಡಿದ್ದ, ಪುಣ್ಯಾತ್ಮ. ಈ ವರ್ಷ ಅಜ್ಜಿಯೇ ಮೊಮ್ಮಗನಿಗೆ ಫೋನ್ ಮಾಡಿ, "ನನ್ ಕೈ ನಡುಗ್ತದೆ ಕಣೋ, ಆ ಹುಡುಗನ್ನೂ ಕರ್ಕೊಂಡ್ ಬಾ" ಎಂದಿದ್ದಳು. ಅವಳ ಮಾತಿಗೆ ಎದುರಾಡುವ ಗಂಡಸು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹಂಡೆ ಒಲೆಗೇರಿ ಸ್ವಲ್ಪ ಹೊತ್ತಿಗೆ ತಾಚೊ ಬಂದ. ಮೂವತ್ತು ವರ್ಷ ಫೆರ್ಮಿನ್‌ನ ಜೊತೆ ಸೂರಿನ ಮೇಲೆ ಹೆಂಚು ಹಾಕಿದವನು, ಇಸ್ಮಾಯೆಲ್‌ನ ಜ್ಞಾನಸ್ನಾನದ ದಿನ ಮಗುವನ್ನು ಕೈಯಲ್ಲಿ ಹಿಡಿದವನು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು 'ಕೊಂಪಾದ್ರೆ', ಆ ಮಗುವಿನ ಮೂಲಕ ಆದ ನಂಟರು. ತಾಚೊ ರೇಡಿಯೊ ಜೋರು ಮಾಡಿ, ಬಿಯರ್ ಬಾಟಲಿ ತೆರೆದು, ಕಿಟಕಿಯೊಳಗೆ ಕಣ್ಣು ಹಾಯಿಸಿದ.

"ಅದ್ಯಾರು ಕೊಂಪಾದ್ರೆ, ಏಪ್ರನ್ ಕಟ್ಕೊಂಡು ಹೆಂಗಸ್ರ ಮಧ್ಯೆ ನಿಂತಿರೋ ಉದ್ದದ ಆಸಾಮಿ?"

"ಅವ್ನಾ? ಇಸ್ಮಾಯೆಲ್ ಜೊತೆ ಕೆಲ್ಸ ಮಾಡ್ತಾನೆ. ಫ್ರಿಜ್ ರಿಪೇರಿ."

ಹಿಂದೆಯೇ ಇಸ್ಮಾಯೆಲ್ ತಟ್ಟೆ ಹಿಡಿದು ನಿಂತಿದ್ದ. ತಟ್ಟೆಯನ್ನು ಕೆಳಗಿಟ್ಟು ಅಪ್ಪನನ್ನು ಹಂಡೆಯ ಮರೆಗೆ ಕರೆದ.

"ಅವ್ನು ಸ್ಕೂಲ್ ಬಸ್ ಓಡಿಸ್ತಾನೆ ಅಪ್ಪಾ. ಫ್ರಿಜ್ ರಿಪೇರಿ ಮಾಡೋನು ನಾನು."

"ಮೆತ್ತಗೆ ಮಾತಾಡು."

"ಮೂರು ವರ್ಷ ಮೆತ್ತಗೇ ಮಾತಾಡಿದೀನಿ. ಭಾಷಣ ಮಾಡು ಅಂತಿಲ್ಲ. ತಾಚೊ ಮಾಮನ ಹತ್ರ ಅವನು ಯಾರು ಅಂತ ಒಂದ್ಸಲ ನಿಜ ಹೇಳು. ತಮಾಲೆ ಇಳಿಯೋವರೆಗೂ ಇರ್ತೀವಿ. ಅಷ್ಟರಲ್ಲಿ ಹೇಳ್ದೆ ಇದ್ರೆ ಇಬ್ರೂ ಹೊರಡ್ತೀವಿ. ಹಬ್ಬದೂಟಕ್ಕೆ ನನ್ ತಟ್ಟೇನೂ ಇಡ್ಬೇಡ. ಮುಂದಿನ ವರ್ಷಾನೂ."

ಮಗನ ಕಣ್ಣು ತುಂಬಿತ್ತು. ಒಂಬತ್ತನೇ ವಯಸ್ಸಿನಲ್ಲಿ ಅವನು ಏಣಿಯಿಂದ ಬಿದ್ದು ಕೈ ಮುರಿದುಕೊಂಡಾಗ "ಗಂಡುಹುಡುಗ ಅಳ್ಬಾರ್ದು" ಎಂದು ಗದರಿಸಿ, ತಾನು ಮಾತ್ರ ಲಾರಿಯ ಹಿಂದೆ ಹೋಗಿ ಅತ್ತವನು ಫೆರ್ಮಿನ್. ಈಗ ಮರೆಯಾಗಲು ಲಾರಿಯೂ ಇರಲಿಲ್ಲ. ಏನು ಮಾಡಬೇಕೆಂದು ತೋಚದೆ ಬಗ್ಗಿ ಸಿಲಿಂಡರಿನ ತಿರುಪನ್ನು ಸಿಟ್ಟಿನಿಂದ ತಿರುವಿ, ದುಮುದುಮು ಎನ್ನುತ್ತಾ ಹೋಗಿ ತಾಚೊನ ಪಕ್ಕ ಕೂತ. ಎತ್ತ ತಿರುವಿದೆ ಎಂಬ ಗಮನವೂ ಅವನಿಗಿರಲಿಲ್ಲ. ನಾಣ್ಯದ ಸದ್ದು ನಿಂತಿತು. ರೇಡಿಯೊದ ಗದ್ದಲದಲ್ಲಿ ಅದು ಯಾರಿಗೂ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ಅಜ್ಜಿ ಹೊರಬಂದು ಒಂದು ತಮಾಲೆ ಬಿಚ್ಚಿದಳು. ಹಿಟ್ಟು ಸಿಪ್ಪೆಗೆ ಅಂಟಿಕೊಂಡು ಬಂತು. ಇನ್ನೊಂದು ಬಿಚ್ಚಿದಳು. ಅದೂ ಹಸಿ.

"ಮೂರು ಗಂಟೆ ಹೊತ್ತು!" ಎಂದು ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ಈ ಹಂಡೆ ಹತ್ರ ಯಾರೋ ಸಿಟ್ಟು ಮಾಡ್ಕೊಂಡಿದಾರೆ. ಯಾರು ಅಂತ ಈಗ್ಲೇ ಹೇಳ್ಬಿಡಿ."

ಆ ಮನೆಯಲ್ಲಿ ಇದಕ್ಕೆ ಎರಡನೇ ವ್ಯಾಖ್ಯಾನವಿಲ್ಲ. ಸಿಟ್ಟಿನವರು ಹತ್ತಿರ ಸುಳಿದರೆ ತಮಾಲೆ ಬೇಯುವುದಿಲ್ಲ. ಪರಿಹಾರವೂ ಒಂದೇ: ಹಂಡೆಯ ಹಿಡಿಗಳಿಗೆ ತೆನೆಸಿಪ್ಪೆಯ ಕಿವಿ ಕಟ್ಟಬೇಕು, ಸಿಟ್ಟಾದವರು ಅದರ ಮುಂದೆ ಕುಣಿಯಬೇಕು. ಫೆರ್ಮಿನ್‌ನ ತಂಗಿ ಚಾಯೊ ಓರೆಗಣ್ಣಿನಿಂದ ಡಾರಿಯೊನನ್ನು ನೋಡಿ, "ಹೋದ ವರ್ಷ ಹಿಂಗಾಗಿರ್ಲಿಲ್ಲಪ್ಪ" ಎಂದಳು. ತಮಾಷೆಗೆ ಅಂದಳೋ ನಿಜಕ್ಕೇ ಅಂದಳೋ, ಎಲ್ಲರ ಕಣ್ಣೂ ಅವನತ್ತ ತಿರುಗಿತು.

ಡಾರಿಯೊ ಏಪ್ರನ್ನಿಗೆ ಕೈ ಒರೆಸಿಕೊಂಡು ಮುಂದೆ ಬಂದ. "ನಂದೇ ಇರ್ಬೇಕು ಅಜ್ಜಿ. ಸಿಟ್ಟಲ್ಲ, ಭಯ. ಬೆಳಿಗ್ಗೆಯಿಂದ ಎದೆ ಡವಡವ ಅಂತಿದೆ. ನಾನೇ ಕುಣೀತೀನಿ, ನೀವು ನಗ್ಬಾರ್ದು ಅಷ್ಟೆ." ಎಂದವನೇ ಒಂದು ಹಿಡಿಗೆ ಕಿವಿ ಕಟ್ಟತೊಡಗಿದ.

ಫೆರ್ಮಿನ್‌ನ ದೃಷ್ಟಿ ಆಗ ಸಿಲಿಂಡರಿನ ಮೇಲೆ ಬಿತ್ತು. ತಿರುಪು ಮುಕ್ಕಾಲು ಮುಚ್ಚಿತ್ತು. ಒಲೆಯಲ್ಲಿದ್ದದ್ದು ಮೇಣದಬತ್ತಿಯಷ್ಟು ಉರಿ. ಯಾರ ಕೈ ಅದು? ತನ್ನದೇ. ಬೂಟಿನ ಲೇಸು ಕಟ್ಟುವವನಂತೆ ಬಗ್ಗಿ ತಿರುಪು ಬಿಟ್ಟರೆ ಮುಗಿಯಿತು. ತಮಾಲೆ ಬೇಯುತ್ತದೆ, ಕುಣಿದವನು ಕುಣಿದುಕೊಂಡು ಹೋಗುತ್ತಾನೆ, ಹೊಸಬನದೇ ತಪ್ಪು ಎಂದು ಎಲ್ಲರೂ ನಂಬುತ್ತಾರೆ. ತಾಚೊ ಆಗಲೇ ಮೊಬೈಲ್ ತೆಗೆದು ವಿಡಿಯೊಗೆ ಸಿದ್ಧನಾಗಿದ್ದ. ಅಷ್ಟು ಜನರ ಮುಂದೆ ಒಬ್ಬನೇ ನಿಂತು ಇನ್ನೊಬ್ಬರ ತಪ್ಪನ್ನು ಹೊರಲು ತಯಾರಾದವನನ್ನು ಫೆರ್ಮಿನ್ ನೋಡಿದ. ಗಂಡಸುತನ, ಗಂಡಸುತನ ಎಂದು ತಾನು ಮಗನಿಗೆ ಹೇಳಿಕೊಟ್ಟದ್ದೆಲ್ಲ ಇದನ್ನೇ ಅಲ್ಲವೇ ಅನಿಸಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನಿಲ್ಸಯ್ಯಾ" ಎಂದು ಎದ್ದ. "ಸಿಟ್ಟು ನಂದು. ಗ್ಯಾಸ್ ತಿರುವಿದ್ದೂ ನಾನೇ."

ಎಲ್ಲರ ಕಣ್ಣೆದುರೇ ಬಗ್ಗಿ ತಿರುಪನ್ನು ಪೂರ್ತಿ ಬಿಟ್ಟ. ಉರಿ ಭುಸ್ಸೆಂದು ಎದ್ದಿತು. ಅಜ್ಜಿಗೆ ಗ್ಯಾಸಿನ ಗೊಡವೆಯೇ ಬೇಕಿರಲಿಲ್ಲ.

"ನಾ ಹೇಳ್ಲಿಲ್ವಾ, ಸಿಟ್ಟೇ ಅಂತ! ಯಾರ ಮೇಲೆ ಕಣೋ ಸಿಟ್ಟು?"

ಫೆರ್ಮಿನ್ ತಲೆ ಕೆರೆದುಕೊಂಡು ಡಾರಿಯೊನ ಕಡೆ ಕೈ ತೋರಿಸಿದ. "ಇವನ ಮೇಲೆ."

"ಹಂಗಾದ್ರೆ ಇವನ ಜೊತೇಲೇ ಕುಣಿ. ಒಬ್ನೇ ಕುಣಿದ್ರೆ ಸಿಟ್ಟು ಅರ್ಧಂಬರ್ಧ ಉಳ್ಕೊಳುತ್ತೆ."

ಈ ನಿಯಮವನ್ನು ಆ ಮನೆಯಲ್ಲಿ ಯಾರೂ ಹಿಂದೆ ಕೇಳಿರಲಿಲ್ಲ. ಅಜ್ಜಿ ಅದೇ ಗಳಿಗೆಯಲ್ಲಿ ಮಾಡಿದ್ದು. ರೇಡಿಯೊದಲ್ಲಿ ಅಕಾರ್ಡಿಯನ್ನಿನ ಪೋಲ್ಕಾ, ಜೋಡಿಯಾಗಿ ಕುಣಿಯುವ ಹಾಡು, ಬರುತ್ತಿತ್ತು. ಫೆರ್ಮಿನ್ ಟೋಪಿ ತೆಗೆದು ತಾಚೊನ ಕೈಗೆ ಕೊಟ್ಟು, ಡಾರಿಯೊನ ಎದುರು ನಿಂತು ಕೈ ಚಾಚಿದ.

"ಕುಣಿತಕ್ಕೆ ಮುಂದಾಳು ಯಾರು ಯಜಮಾನ್ರೇ?" ಎಂದ ಡಾರಿಯೊ, ಸಣ್ಣ ದನಿಯಲ್ಲಿ.

"ನಾನು. ಮನೆ ನಂದು."

ಕುಣಿದರು. ಫೆರ್ಮಿನ್‌ನ ಮಂಡಿ ಕಟಕಟ ಎಂದಿತು. ಡಾರಿಯೊ ಎರಡು ಸಲ ಅವನ ಬೂಟು ತುಳಿದ. ಕಿವಿ ಕಟ್ಟಿಸಿಕೊಂಡ ಹಂಡೆಯನ್ನು ಮೂರು ಸುತ್ತು ಹಾಕಿದರು. ಚಾಯೊ ಚಪ್ಪಾಳೆ ತಟ್ಟಿದಳು. ಮೂರನೇ ಸುತ್ತಿನ ಹೊತ್ತಿಗೆ ಹಂಡೆಯೊಳಗಿಂದ ಕಿಣಿಕಿಣಿ ಶುರುವಾಯಿತು.

ಏದುಸಿರು ಬಿಡುತ್ತಾ ಬಂದು ಕೂತವನ ತಲೆಗೆ ತಾಚೊ ಟೋಪಿ ಹಾಕಿದ. "ನಿನ್ ಫ್ರಿಜ್ ರಿಪೇರಿಯವನಿಗೆ ಕುಣಿಯಕ್ಕೇ ಬರಲ್ವಲ್ಲೋ."

ಇಸ್ಮಾಯೆಲ್ ಬಾಗಿಲಲ್ಲಿ ನಿಂತಿದ್ದ, ಎರಡು ಕೋಟುಗಳನ್ನು ತೋಳಿನ ಮೇಲೆ ಹಾಕಿಕೊಂಡು.

"ಫ್ರಿಜ್ ರಿಪೇರಿಯವನಲ್ಲ ಕೊಂಪಾದ್ರೆ, ನಾನು ಸುಳ್ ಹೇಳ್ದೆ. ಸ್ಕೂಲ್ ಬಸ್ ಓಡಿಸ್ತಾನೆ. ಹೆಸ್ರು ಡಾರಿಯೊ. ನಮ್ ಇಸ್ಮಾಯೆಲ್‌ನ ಜೋಡಿ." ಫೆರ್ಮಿನ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಕುಣಿಯಕ್ಕೆ ಬರ್ದೇ ಇದ್ರೆ ತಪ್ಪು ಅವನದಲ್ಲ. ಮೂರು ವರ್ಷದಿಂದ ನಾನು ಮನೆಗೇ ಕರೀಲಿಲ್ಲ."

ತಾಚೊ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅದರ ಚೀಟಿಯನ್ನು ಪೂರ್ತಿ ಕೆರೆದ. ಆಮೇಲೆ, "ನಾನೆತ್ತಿದ ಮಗು ಅದು. ನನಗಾದ್ರೂ ಮೊದ್ಲೇ ಹೇಳ್ಬಾರ್ದಾಗಿತ್ತೇನೋ?" ಎಂದು ಕುರ್ಚಿಯನ್ನು ಸರಿಸಿ, ಡಾರಿಯೊಗೆ ಕೂರಲು ಜಾಗ ಮಾಡಿದ.

ಫೆರ್ಮಿನ್ ಬಾಗಿಲ ಕಡೆ ತಿರುಗಿ ಗದರಿದ. "ಕೋಟು ಹಿಡ್ಕೊಂಡು ಏನ್ ನೋಡ್ತಿದೀಯೋ? ಒಳಗೆ ನೇತಾಕು. ಬೇಯಕ್ಕೆ ಇನ್ನೂ ಎರಡು ಗಂಟೆ ಬೇಕು."